ಬೊಚ್ಚು ತಾತನ ಹಲ್ಲು

ಅಪ್ಪನ ಬಾಯಲ್ಲಿ ಹುಣ್ಣಿರಲಿಲ್ಲ. ಒಸಡಿನ ಮೇಲೆ ಒಂದು ಕೆಂಪು ಗೆರೆ ಕೂಡ ಇರಲಿಲ್ಲ. ಆದರೂ ಹಲ್ಲಿನ ಸೆಟ್ಟು ಚುಚ್ಚುತ್ತದೆ, ತಿನ್ನುವುದಿರಲಿ, ಬಾಯಿ ಮುಚ್ಚುವುದಕ್ಕೂ ಆಗುತ್ತಿಲ್ಲ ಎಂದು ಬೆಳ್ಳಂಬೆಳಿಗ್ಗೆ ರಂಪ ಎಬ್ಬಿಸಿದ್ದರು.

"ಎಲ್ಲಿ ಚುಚ್ಚುತ್ತೆ, ತೋರಿಸಿ," ಎಂದ ಮಗ.

"ಎಲ್ಲಾ ಕಡೆ."

"ಎಲ್ಲಾ ಕಡೆ ಚುಚ್ಚೋ ಸೆಟ್ಟು ಅಂತ ಯಾವುದೂ ಇರಲ್ಲಪ್ಪಾ. ಒಂದು ಕಡೆ ಬೆರಳಿಡಿ."

ಅಪ್ಪ ಬಲಗಡೆ ಬೆರಳಿಟ್ಟರು. ಹಿಂದಿನ ವಾರ ಎಡಗಡೆ ಇಟ್ಟಿದ್ದರು. ಮಗ ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಬೆರಳ ತುದಿಯಿಂದ ಅಂಚು ಸವರಿದ. ಎಲ್ಲೂ ತರಕಲಿರಲಿಲ್ಲ. ಬೇರೆ ಯಾರಾದರೂ ಹೀಗೆ ಹೇಳಿದ್ದರೆ, ಸುಮ್ಮನೆ ಹಾಕ್ಕೊಂಡಿರಿ, ಅಭ್ಯಾಸ ಆಗುತ್ತೆ ಎಂದು ಸಾಗಹಾಕುತ್ತಿದ್ದ. ಚುಚ್ಚಿದ ಕಡೆ ಬಾಯಲ್ಲಿ ಗುರುತು ಬೀಳಲೇಬೇಕು, ಗುರುತಿಲ್ಲದ ಕಡೆ ಅರ ಆಡಿಸಬಾರದು. ಕೆಲಸ ಕಲಿಯಲು ಬಂದವರಿಗೆ ಅವನು ಮೊದಲು ಹೇಳಿಕೊಡುತ್ತಿದ್ದ ಮಾತೇ ಅದು. ಆದರೆ ಇದು ಅಪ್ಪನ ಬಾಯಿ, ಆ ಬಾಯಲ್ಲಿ ಅವನು ಇಲ್ಲಿಯವರೆಗೆ ಒಂದು ಸುಳ್ಳನ್ನೂ ಕೇಳಿರಲಿಲ್ಲ. ಚೀಲದಿಂದ ಸಣ್ಣ ಅರ ತೆಗೆದು ಬಲಗಡೆಯನ್ನೂ ಉಜ್ಜಿದ.

ಹಲ್ಲು ಕಟ್ಟುವುದೇ ಅವನ ಕಸುಬು. ಮನೆಯಿಂದ ಎರಡು ಬೀದಿ ಆಚೆ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಅವನ ವರ್ಕ್‌ಶಾಪು. ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ಕಳಿಸುತ್ತಿದ್ದರು. ಇವನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಜೋಡಿಸಿ, ಬೇಯಿಸಿ, ತಿಕ್ಕಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಬೀದಿಯವರು 'ಹಲ್ಲಪ್ಪ' ಎಂದು ಕರೆದೂ ಕರೆದೂ ಅದೇ ಗಟ್ಟಿಯಾಯಿತು. ಊರಿನ ಅರ್ಧ ಮುದುಕರು ಅವನ ಹಲ್ಲಿನಲ್ಲೇ ನಗುತ್ತಾರೆ ಎಂದು ಡಾಕ್ಟರುಗಳು ತಮಾಷೆ ಮಾಡುವರು. ಅವನು ಅದನ್ನು ತಮಾಷೆ ಎಂದು ತೆಗೆದುಕೊಳ್ಳುತ್ತಿರಲಿಲ್ಲ, ಒಳಗೊಳಗೇ ಉಬ್ಬುತ್ತಿದ್ದ.

ಅಪ್ಪನ ಸೆಟ್ಟು ಮಾಡಿದ್ದು ಅವರ ಕೊನೆಯ ಹಲ್ಲು ಕಿತ್ತ ಮೇಲೆ. ಅಮ್ಮ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಹಲ್ಲಪ್ಪ ಅವರಿಬ್ಬರ ಮದುವೆಯ ಫೋಟೋವನ್ನು ಗೋಡೆಯಿಂದ ಇಳಿಸಿ, ಭೂತಗನ್ನಡಿ ಹಿಡಿದು, ಮುಂದಿನ ಎರಡು ಹಲ್ಲಿನ ನಡುವೆ ಇದ್ದ ಕೂದಲೆಳೆಯಷ್ಟು ಸಂದನ್ನೂ ಹಾಗೇ ಇಟ್ಟು ಮಾಡಿದ್ದ. ರಜೆಯ ದಿನಗಳೆಲ್ಲ ಅದಕ್ಕೇ ಹೋಗಿದ್ದವು. ಅಪ್ಪ ಮೊದಲ ದಿನ ಸೇಬನ್ನು ಕಚ್ಚಿ ತಿಂದರು. ಕನ್ನಡಿಯ ಮುಂದೆ ತುಂಬಾ ಹೊತ್ತು ನಿಂತು, "ಹೂಂ, ಪರವಾಗಿಲ್ಲ," ಎಂದರು. ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದು, ಬಾಯಲ್ಲಿ ಸೀಟಿ ಇಟ್ಟುಕೊಂಡು ಡ್ರೈವರುಗಳನ್ನು ಗಡಗಡ ನಡುಗಿಸಿದ ಮನುಷ್ಯ ಅವರು. ಆ ಬಾಯಿಂದ ಪರವಾಗಿಲ್ಲ ಎಂದು ಬಂದರೆ ಅದು ಪದಕ ಕೊಟ್ಟಂತೆಯೇ.

ಅಂಥ ಸೆಟ್ಟು ಈಗ ಯಾವಾಗ ನೋಡಿದರೂ ಬಾಯಿಂದ ಹೊರಗೇ ಇರುತ್ತಿತ್ತು. ಒಮ್ಮೆ ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು, ಇನ್ನೊಮ್ಮೆ ಹಳೆಯ ಯೂನಿಫಾರಂ ಕೋಟಿನ ಜೇಬಿನಲ್ಲಿ, ಕರ್ಚೀಫಿನೊಳಗೆ.

ಅದರ ಪೆಟ್ಟು ಬಿದ್ದದ್ದು ಹಲ್ಲಪ್ಪನ ಹೆಂಡತಿಯ ಮೇಲೆ. ಅವಳು ಬಟ್ಟೆ ಅಂಗಡಿಯ ಬಿಲ್ ಕೌಂಟರಿನಲ್ಲಿ ಹಗಲೆಲ್ಲ ನಿಂತು ಬರುತ್ತಿದ್ದಳು. ಬಂದವಳು ಎಲ್ಲರಿಗೂ ಒಂದು ಅಡಿಗೆ, ಮಾವನಿಗೆ ಮಿಕ್ಸಿಯಲ್ಲಿ ತಿರುವಿದ ಇನ್ನೊಂದು ಅಡಿಗೆ ಮಾಡಬೇಕು.

"ಊರಿಗೆಲ್ಲ ಹಲ್ಲು ಕಟ್ತೀರಿ, ಮನೇಲಿರೋ ಒಂದು ಬಾಯಿಗೆ ಕಟ್ಟಕ್ಕಾಗಲ್ವೇನ್ರೀ ನಿಮಗೆ?" ಎಂದು ಅವಳು ಮಿಕ್ಸಿಯ ಸದ್ದಿಗಿಂತ ಜೋರಾಗಿ ಕೂಗಿದಳು.

"ಕಟ್ಟಿದೀನಲ್ಲ. ಹಾಕ್ಕೊಳ್ಳಲ್ಲ ಅಂದ್ರೆ ನಾನೇನು ಮಾಡ್ಲಿ?"

"ಚುಚ್ಚುತ್ತಂತೆ!"

"ಉಜ್ಜಿದೀನಿ."

"ಇನ್ನೂ ಚುಚ್ಚುತ್ತಂತೆ!"

ಹಾಲಿನಲ್ಲಿ ಅಪ್ಪ ಮೊಮ್ಮಗಳ ಪಕ್ಕ ಕೂತು ಏನೋ ನೋಡಿ ಕಿಲಕಿಲ ನಗುತ್ತಿದ್ದರು. ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಅಜ್ಜಿ ಹೋದ ಮೇಲೆ ತಾತನನ್ನು ಮಾತಾಡಿಸುವವಳು ಅವಳೊಬ್ಬಳೇ ಎಂದು ಹಲ್ಲಪ್ಪನ ಮನಸ್ಸಿಗೆ ನೆಮ್ಮದಿ. ಅವಳು ತಾತನನ್ನು ಇಟ್ಟುಕೊಂಡು ಒಂದೊಂದು ಚಿಕ್ಕ ವಿಡಿಯೋ ಮಾಡುತ್ತಾಳೆ ಎಂಬುದೂ ಅವನಿಗೆ ಗೊತ್ತಿತ್ತು. ಹಳೇ ಡಿಪೋ ಕಥೆ ಹೇಳಿಸುತ್ತಾಳೆ ಎಂದುಕೊಂಡಿದ್ದ. ದಿನವೆಲ್ಲ ಕೈಗೆ ಪ್ಲಾಸ್ಟರ್ ಮೆತ್ತಿಕೊಂಡಿರುವವನು ಫೋನ್ ಮುಟ್ಟುವುದೇ ಅಪರೂಪ. ಈಚೆಗೆ ಮನೆಗೆ ಕೊರಿಯರಿನಲ್ಲಿ ಬಿಸ್ಕೆಟ್ಟು, ಹಣ್ಣಿನ ರಸ, ಕೊನೆಗೊಂದು ಹೊಸ ಮಿಕ್ಸಿ ಕೂಡ ಬಂತು. ಯಾರು ಕಳಿಸಿದ್ದು ಎಂದು ಕೇಳಿದ್ದಕ್ಕೆ, "ತಾತನ ಅಭಿಮಾನಿಗಳು," ಎಂದು ಮಗಳು ನಕ್ಕಳು. ಹೊಸ ಮಿಕ್ಸಿ ಬಂದ ದಿನದಿಂದ ಹೆಂಡತಿಯ ಗೊಣಗಾಟ ನಿಂತುಹೋಯಿತು.

ವರ್ಕ್‌ಶಾಪಿನಲ್ಲಿ ಮೇಣದ ಕೆಲಸ ಮಾಡುವ ಹೆಂಗಸು ಒಂದು ದಿನ ಊಟದ ಡಬ್ಬಿ ಬದಿಗಿಟ್ಟು ಹತ್ತಿರ ಬಂದಳು. ಹೇಳಲೋ ಬೇಡವೋ ಎಂಬ ಮುಖ.

"ಅಣ್ಣಾ, ಬೇಜಾರು ಮಾಡ್ಕೋಬೇಡಿ. ಇದು ನಿಮ್ಮ ತಂದೆ ಅಲ್ವಾ?"

ಫೋನಿನಲ್ಲಿ ಅಪ್ಪ ಇದ್ದರು. ಅವನ ಮನೆಯ ಅಡಿಗೆಮನೆ, ಅವನ ಮನೆಯ ಮೇಜು. ಮೇಲೆ ದಪ್ಪ ಅಕ್ಷರದಲ್ಲಿ 'ಬೊಚ್ಚು ತಾತ' ಎಂದಿತ್ತು. ಅಪ್ಪ ಕ್ಯಾಮೆರಾಕ್ಕೆ ಕಣ್ಣು ಹೊಡೆದು, ಬಾಯಿಗೆ ಬೆರಳು ಹಾಕಿ, ಸೆಟ್ಟನ್ನು ಲೊಚಕ್ಕನೆ ಹೊರಗೆ ಎಳೆದರು. ಎಂಜಲಿನ ಎಳೆ ಗಲ್ಲದವರೆಗೆ ಜೋತಾಡಿತು. ಅದನ್ನು ಒರೆಸಲಿಲ್ಲ. ಸೆಟ್ಟನ್ನು ಎತ್ತಿ ಹಿಡಿದು, ಗಾಳಿ ಸೋರುವ ಬಾಯಲ್ಲಿ ಹೇಳಿದರು: "ನನ್ನ ಮಗ ಊರಿಗೆಲ್ಲ ಹಲ್ಲು ಕಟ್ಟೋ ದೊಡ್ಡ ಮನುಷ್ಯ! ಹೆತ್ತಪ್ಪನ ಬಾಯಿಗೆ ಕೂರೋ ಹಾಗೆ ಮಾಡಕ್ಕೆ ಮಾತ್ರ ಬರಲ್ಲ ಆ ದಡ್ಡ ಮುಂಡೇದಕ್ಕೆ!" ಆಚೆಯಿಂದ ಮಗಳ ನಗು ಕೇಳಿಸಿತು. ಆಮೇಲೆ ಅಪ್ಪ ಒಂದು ಹಸಿ ಕ್ಯಾರೆಟ್ಟನ್ನು ಒಸಡಿನಿಂದ ಜಗಿಯತೊಡಗಿದರು. ಕೆಂಪು ರಸ ಬೆರೆತ ಜೊಲ್ಲು ಅಂಗಿಯ ಮೇಲೆ ಸುರಿಯಿತು.

ಹಲ್ಲಪ್ಪ ದಿನಾ ಇನ್ನೊಬ್ಬರ ಬಾಯಿ ನೋಡಿ ಅನ್ನ ತಿನ್ನುವವನು. ಕೊಳೆತ ಬೇರು, ಕೀವು ತುಂಬಿದ ಒಸಡು, ಯಾವುದಕ್ಕೂ ಮುಖ ಸಿಂಡರಿಸಿದವನಲ್ಲ. ಅವತ್ತು ಅವನು ಮುಖ ಪಕ್ಕಕ್ಕೆ ತಿರುಗಿಸಿದ.

"ಕೆಳಗೆ ಬರೆದಿರೋದನ್ನ ಓದ್ಬೇಡಿ ಅಣ್ಣಾ," ಎಂದಳು ಅವಳು. ಅವನು ಓದಿದ. 'ಥೂ ಗಲೀಜು ಮುದುಕ, ಆದ್ರೂ ಸೂಪರ್.' 'ನಾಳೆ ಕಲ್ಲುಸಕ್ಕರೆ ತಿನ್ನಿಸಿ.' 'ಜೊಲ್ಲು ಇನ್ನೂ ಹತ್ತಿರದಿಂದ ತೋರಿಸಿ ಅಕ್ಕ.' 'ಆ ಮಗನ ಹತ್ರ ಯಾರೂ ಹಲ್ಲು ಕಟ್ಟಿಸ್ಕೋಬೇಡಿ.' ಒಂದೊಂದಕ್ಕೂ ಅಪ್ಪನ ಹೆಸರಲ್ಲಿ ಉತ್ತರವಿತ್ತು: ಆಯ್ತು ಕಣಪ್ಪಾ, ನಾಳೆ ಕಲ್ಲುಸಕ್ಕರೆ.

"ತುಂಬಾ ಜನ ನೋಡಿರೋದು ಇದು," ಎಂದು ಅವಳು ಇನ್ನೊಂದು ತೋರಿಸಿದಳು. ಅದರಲ್ಲಿ ಅಪ್ಪ ಬ್ರೆಡ್ಡು ಗಂಟಲಿಗೆ ಸಿಕ್ಕಿಕೊಂಡಂತೆ ಕಣ್ಣು ಮೇಲೆ ಮಾಡಿ, ಕೈಕಾಲು ಬಡಿದು, ಸತ್ತಂತೆ ಬಿದ್ದು, ಆಮೇಲೆ ಎದ್ದು ಕೂತು ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕರು. ಹತ್ತಾರು ಲಕ್ಷ ಜನ ಅದನ್ನು ನೋಡಿ ಕೆಂಪು ಹೃದಯ ಒತ್ತಿದ್ದರು.

ಕೆಲವು ವಾರದಿಂದ ಇಬ್ಬರು ಡಾಕ್ಟರುಗಳು ಕೆಲಸ ಕಳಿಸುವುದನ್ನು ಯಾಕೆ ನಿಲ್ಲಿಸಿದ್ದರು ಎಂಬುದು ಹಲ್ಲಪ್ಪನಿಗೆ ಈಗ ತಿಳಿಯಿತು. ಯಾಕೆ ಒಸಡಿನ ಮೇಲೆ ಗುರುತಿರಲಿಲ್ಲ ಎಂಬುದೂ ತಿಳಿಯಿತು.

ಮನೆಗೆ ಹೋದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಅವನು ಕೈ ಕೂಡ ತೊಳೆಯಲಿಲ್ಲ.

"ನಿಲ್ಲಿಸಿ ಅದನ್ನ. ಇವತ್ತೇ, ಈಗಲೇ."

"ಯಾವುದನ್ನಪ್ಪಾ?" ಎಂದಳು ಮಗಳು.

"ಬಾಯಿ ಮುಚ್ಚು! ನಿನ್ನ ತಾತನ ಜೊಲ್ಲು ಮಾರ್ಕೊಂಡು ತಿಂತಿದೀಯಲ್ಲ, ನಾಚಿಕೆ ಆಗಲ್ವಾ? ಆ ಮಿಕ್ಸಿ ಅದರಲ್ಲಿ ಬಂದಿದ್ದಾ?"

ಹೆಂಡತಿ ತಟ್ಟೆಗೆ ಕೈ ಅದ್ದಿಕೊಂಡೇ ತಲೆ ತಗ್ಗಿಸಿದಳು. ಅವಳಿಗೂ ಗೊತ್ತಿತ್ತು.

"ಅವಳನ್ನ ಯಾಕೆ ಬೈತೀಯ?" ಎಂದರು ಅಪ್ಪ. "ನಾನೇ ಹೇಳಿ ಮಾಡಿಸಿದ್ದು. ಸೆಟ್ಟು ಹಾಕ್ಕೊಂಡು ಒಂದೆರಡು ಮಾಡಿ ನೋಡಿದ್ವಿ. ಯಾವನೂ ಮೂಸಿ ನೋಡಲಿಲ್ಲ. ಬೊಚ್ಚುಬಾಯಿ ತೋರಿಸಿದ್ರೇನೇ ಜನ ಬರೋದು."

"ಅದಕ್ಕೆ ಚುಚ್ಚುತ್ತೆ ಅಂದ್ರಾ? ನಾನು ಮೂರು ಮೂರು ಸಲ ಉಜ್ಜಿದೆನಲ್ಲಪ್ಪಾ! ನನ್ನ ಕೈಯಲ್ಲೇ ಆ ಸೆಟ್ಟನ್ನ ಹಾಳು ಮಾಡಿಸಿದ್ರಲ್ಲ!"

"ಹಾಕ್ಕೊಳ್ಳದೆ ಇರೋದಕ್ಕೆ ಏನಾದ್ರೂ ಒಂದು ಕಾರಣ ಬೇಕಿತ್ತು, ಹೇಳಿದೆ."

"ಮತ್ತೆ ನಾನು ದಡ್ಡ ಮುಂಡೇದು ಅಂತ ಊರಿಗೆಲ್ಲ ಸಾರಿದ್ದು?"

"ಅದು ತಮಾಷೆ ಕಣೋ. ಅದನ್ನ ಹೇಳಿದ್ರೆ ನಗ್ತಾರೆ."

ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿದರು. ಅವರ ದನಿ ಡಿಪೋದ ದನಿಯಾಯಿತು.

"ನಿಮ್ಮಮ್ಮ ಹೋದ ಮೇಲೆ ಈ ಮನೇಲಿ ನನ್ನ ಹತ್ರ ಯಾರು ಮಾತಾಡಿದೀರಿ? ನೀನು ಬರ್ತೀಯ, ಬಾಯಿ ತೆಗೀರಿ ಅಂತೀಯ, ಒಳಗೆ ನೋಡ್ತೀಯ, ಹೋಗ್ತೀಯ. ನನ್ನ ಬಾಯಿ ನೋಡಿದೀಯ ಹೊರತು ಮುಖ ನೋಡಿದೀಯಾ? ಬೆಳಿಗ್ಗೆ ಎದ್ರೆ ಸಾವಿರಾರು ಜನ ಗುಡ್ ಮಾರ್ನಿಂಗ್ ತಾತ ಅಂತಾರೆ. ನೀನು ಒಂದು ದಿನ ಅಂದಿದೀಯೇನೋ?"

ಅದರಲ್ಲಿ ಸುಳ್ಳಿರಲಿಲ್ಲ. ಅಷ್ಟು ಹೊತ್ತು ಉರಿಯುತ್ತಿದ್ದ ಹಲ್ಲಪ್ಪನಿಗೆ ತಲೆ ಮೇಲೆ ನೀರು ಸುರಿದಂತಾಯಿತು. ಆದರೂ ಹಟ ಬಿಡಲಿಲ್ಲ. ಮಗಳಿಂದ ಆಣೆ ಮಾಡಿಸಿಕೊಂಡ. ಆಣೆ ಮಾಡುವಾಗ ಅವಳ ಕಣ್ಣು ಮಡಿಲಲ್ಲಿದ್ದ ಫೋನಿನ ಮೇಲೇ ಇತ್ತು. ಮಾರನೆಯ ದಿನ ವರ್ಕ್‌ಶಾಪಿನಲ್ಲಿ ಮೇಣದ ಹೆಂಗಸಿಗೆ ತನ್ನ ಫೋನ್ ಕೊಟ್ಟು, "ಆ ಹಾಳಾದ್ದು ಮತ್ತೆ ಶುರುವಾದ್ರೆ ನನಗೆ ಗೊತ್ತಾಗೋ ಹಾಗೆ ಮಾಡ್ಕೊಡಮ್ಮ," ಎಂದ. ಅವಳು ಗಂಟೆ ಬಾರಿಸುವ ಹಾಗೆ ಮಾಡಿಕೊಟ್ಟಳು.

ಆಮೇಲಿನ ದಿನಗಳು ಎಷ್ಟು ಕೆಟ್ಟದಾಗಿದ್ದವೆಂದರೆ ಹೆಂಡತಿಯೇ, "ಹೋಗ್ಲಿ ಬಿಡ್ರಿ, ಒಂದು ಮಾಡ್ಕೊಳ್ಳಲಿ," ಎನ್ನತೊಡಗಿದಳು. ಅಪ್ಪ ಸೆಟ್ಟು ಹಾಕಿಕೊಳ್ಳುತ್ತಿದ್ದರು, ತಿನ್ನುತ್ತಿರಲಿಲ್ಲ. ಮೊಮ್ಮಗಳು ಎಲ್ಲಿ ಹೋದರೂ ಹಿಂದೆಯೇ ಹೋಗುವರು. ಅವಳು ಸ್ನಾನಕ್ಕೆ ಹೋದರೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, "ಏನಂತ ಬರೆದಿದಾರೆ ಪುಟ್ಟೀ? ನನ್ನ ಕೇಳ್ತಿದಾರಾ? ಎಷ್ಟು ಜನ ಬಿಟ್ಟು ಹೋದ್ರು?" ಎಂದು ಗೋಗರೆಯುವರು. ಮಗಳು ಒಳಗಿಂದಲೇ ಓದಿ ಹೇಳುವಳು. ಒಂದು ಸಂಜೆ ಹಲ್ಲಪ್ಪ ಬಂದಾಗ ಅಪ್ಪ ಗೋಡೆಯ ಕನ್ನಡಿಯ ಮುಂದೆ ನಿಂತು, ಸೆಟ್ಟು ಕೈಲಿ ಹಿಡಿದು, ಯಾರೂ ಇಲ್ಲದ ಹಾಲಿನಲ್ಲಿ ಕಣ್ಣು ಹೊಡೆಯುವುದನ್ನು ಅಭ್ಯಾಸ ಮಾಡುತ್ತಿದ್ದರು. ಅವನು ಚಪ್ಪಲಿ ಬಿಡದೆ ವಾಪಸು ಬೀದಿಗೆ ಇಳಿದು, ಬೇಕರಿಯ ಮುಂದೆ ಸ್ವಲ್ಪ ಹೊತ್ತು ನಿಂತು ಬಂದ. ಇದು ತನ್ನಪ್ಪ ಎಂದು ಒಪ್ಪಿಕೊಳ್ಳಲು ಅವನಿಗೆ ಅಸಹ್ಯವಾಗುತ್ತಿತ್ತು.

ಗಂಟೆ ಬಾರಿಸಿದ್ದು ಒಂದು ಮಧ್ಯಾಹ್ನ. ಅವನು ಕೈ ತುಂಬಾ ಹಸಿ ಪ್ಲಾಸ್ಟರ್ ಇಟ್ಟುಕೊಂಡು ಅಚ್ಚಿಗೆ ಸುರಿಯುತ್ತಿದ್ದ. ಫೋನಿನ ಮೇಲೆ 'ಬೊಚ್ಚು ತಾತ ಲೈವ್ ಬಂದಿದ್ದಾರೆ' ಎಂದು ಬಂತು.

ಅದೇ ಅಡಿಗೆಮನೆ. ಅಪ್ಪನ ಮುಂದೆ ಸುಲಿದ, ಬೇಯಿಸಿದ ಮೊಟ್ಟೆ. "ಅಭಿಮಾನಿಗಳು ಇಡೀ ಮೊಟ್ಟೆ ನುಂಗು ಅಂದಿದಾರೆ! ಅಗಿಯೋ ಹಾಗಿಲ್ಲ!" ಎಂದು ಅಪ್ಪ ಕೂಗುತ್ತಿದ್ದರು. ಎಷ್ಟೋ ದಿನದ ಮೇಲೆ ನೀರು ಕಂಡ ಗಿಡದ ಹಾಗೆ ಮುಖ ಅರಳಿತ್ತು. ಸೆಟ್ಟು ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಅಪ್ಪ ಮೊಟ್ಟೆಯನ್ನು ಬಾಯಿಗೆ ತುರುಕಿದರು. ಕೆನ್ನೆ ಉಬ್ಬಿತು. ಕತ್ತು ಮುಂದೆ ಚಾಚಿ ನುಂಗಿದರು. ಆಮೇಲೆ ಕಣ್ಣು ಮೇಲಾಯಿತು, ಕೈ ಮೇಜು ಬಡಿಯತೊಡಗಿತು.

ಪರದೆಯ ಮೇಲೆ ಹೃದಯಗಳು ಗುಂಪುಗುಂಪಾಗಿ ಮೇಲೇರಿದವು. 'ಶುರುವಾಯ್ತು ತಾತನ ಆ್ಯಕ್ಟಿಂಗ್!' ಮಗಳ ನಗು ಕೇಳುತ್ತಿತ್ತು. "ನೋಡಿ ಫ್ರೆಂಡ್ಸ್, ನಮ್ಮ ತಾತ ಆಸ್ಕರ್ ಲೆವೆಲ್ಲು!"

ಮೇಣದ ಹೆಂಗಸೂ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ನಾಟಕ ಅಲ್ವಾ ಅಣ್ಣಾ ಇದು?"

"ಅಲ್ಲ," ಎಂದ ಅವನು. ತುಟಿ ಒಸಡುಗಳ ಬಣ್ಣ ಹೊಂದಿಸುತ್ತಲೇ ಅವನ ವಯಸ್ಸು ಕಳೆದಿತ್ತು. ನಾಟಕ ಆಡುವವನ ತುಟಿ ಆ ಬಣ್ಣಕ್ಕೆ ತಿರುಗುವುದಿಲ್ಲ. ಅಪ್ಪನ ತುಟಿ ನೇರಳೆಯಾಗುತ್ತಿತ್ತು.

ಮಗಳಿಗೆ ಫೋನ್ ಮಾಡಿದ. ಕಟ್ ಆಯಿತು. ಮತ್ತೆ ಮಾಡಿದ. ಮತ್ತೆ ಕಟ್. ಪ್ಲಾಸ್ಟರ್ ಬೆರಳಿನಿಂದ ಒತ್ತಿ ಒತ್ತಿ, 'ನಿಜವಾಗಲೂ ಸಿಕ್ಕಿಕೊಂಡಿದೆ ಬೆನ್ನಿಗೆ ಗುದ್ದು' ಎಂದು ಬರೆದ. ಅದು ಕಾಣಿಸುವಷ್ಟರಲ್ಲಿ ನೂರಾರು ಮಾತುಗಳ ಕೆಳಗೆ ಮುಳುಗಿಹೋಯಿತು. ಯಾರೋ ಒಬ್ಬ ಮಾತ್ರ ಉತ್ತರ ಕೊಟ್ಟಿದ್ದ: 'ಅಂಕಲ್ ನೀವೂ ಓವರ್ ಆ್ಯಕ್ಟಿಂಗ್.' ಹಲ್ಲಪ್ಪ ಫೋನನ್ನು ಜೇಬಿಗೆ ತುರುಕಿ ಮೆಟ್ಟಿಲು ಹಾರಿ ಓಡಿದ. ಬೇಕರಿಯ ಮುಂದೆ ನಿಂತವರನ್ನು ತಳ್ಳಿದ. ಒಂದು ಸ್ಕೂಟರ್ ಅವನ ಮೊಣಕಾಲಿಗೆ ಸವರಿಕೊಂಡು ಹೋಯಿತು, ಸವಾರ ಬೈದ. ಜೇಬಿನೊಳಗೆ ಮಗಳು ಇನ್ನೂ ನಗುತ್ತಿದ್ದಳು. ತಮ್ಮ ಬೀದಿಗೆ ತಿರುಗುವಾಗ ಆ ನಗು ಸಟ್ಟನೆ ನಿಂತಿತು. "ತಾತಾ? ತಾತಾ, ಸಾಕು ಏಳಿ." ಆಮೇಲೆ ಕಿರುಚಾಟ.

ಬಾಗಿಲು ತೆರೆದೇ ಇತ್ತು. ಅಪ್ಪ ನೆಲದ ಮೇಲಿದ್ದರು. ಮಗಳು ಫೋನ್ ಹಿಡಿದ ಕೈಯನ್ನು ಕೆಳಗಿಳಿಸದೆಯೇ ಅಳುತ್ತಿದ್ದಳು. ಹಲ್ಲಪ್ಪ ಅಪ್ಪನನ್ನು ಎಬ್ಬಿಸಿ, ಹಿಂದಿನಿಂದ ತಬ್ಬಿ, ಹೊಟ್ಟೆ ಒತ್ತಿದ. ಇನ್ನೊಮ್ಮೆ ಒತ್ತಿದ. ಏನೋ ಮೇಲೆ ಬಂದಂತಾಯಿತು. ದವಡೆ ಅಗಲಿಸಿ, ಬೆರಳನ್ನು ಕೆನ್ನೆಯ ಬದಿಯಿಂದ ತೂರಿಸಿ, ನಾಲಿಗೆಯ ಬುಡದಲ್ಲಿ ಕೂತಿದ್ದ ಮೊಟ್ಟೆಯ ಚೂರನ್ನು ಕೊಕ್ಕೆ ಹಾಕಿ ಎಳೆದ. ಲೋಳೆ, ಹಳದಿ, ರಕ್ತ ಎಲ್ಲ ಅವನ ಮೊಣಕೈವರೆಗೂ ಬಂತು. ಅಪ್ಪ ದೊಡ್ಡ ಸದ್ದು ಮಾಡಿ ಉಸಿರೆಳೆದುಕೊಂಡರು.

ಅವನು ತಲೆ ಎತ್ತಿದ. ಫೋನು ಇನ್ನೂ ಅವನ ಮುಖಕ್ಕೇ ಹಿಡಿದಿತ್ತು. ಹೃದಯಗಳು ಏರುತ್ತಲೇ ಇದ್ದವು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಮಗಳು ಮುಖ ಮುಚ್ಚಿಕೊಂಡು ಕೂತಿದ್ದಳು.

"ಫೋನ್ ಯಾಕೆ ಕಟ್ ಮಾಡಿದೆ?" ಎಂದು ಕೇಳಿದ.

"ಕಾಲ್ ತಗೊಂಡ್ರೆ ಲೈವ್ ನಿಂತೋಗುತ್ತೆ ಅಪ್ಪಾ."

ಅವನಿಗೆ ಅವಳ ಕೆನ್ನೆಗೆ ಬಾರಿಸುವಷ್ಟು ಕೋಪ ಬಂತು. ಕೈಯೆತ್ತಿದ. ಪ್ಲಾಸ್ಟರಿನ ಮೇಲೆ ಮೊಟ್ಟೆಯ ಹಳದಿ ಒಣಗಿ ಅಂಟಿದ್ದ ಆ ಕೈಯನ್ನು ನೋಡಿ ಅವಳೇ ಬಾಯಿಗೆ ದುಪಟ್ಟಾ ಒತ್ತಿಕೊಂಡು ವಾಂತಿ ಮಾಡಲು ಓಡಿದಳು. ಹೆಂಡತಿ ಬಿಲ್ ಕೌಂಟರಿನಿಂದ ಓಡಿ ಬಂದವಳು ಗೋಡೆಗೆ ಒರಗಿ, "ಇನ್ನು ಆ ಫೋನ್ ಮನೇಲಿ ಕಾಣಿಸಿದ್ರೆ ಒಲೆಗೆ ಹಾಕ್ತೀನಿ," ಎಂದು ಅತ್ತಳು. ಅವಳು ಆ ಹೊತ್ತಿಗೆ ನಿಜವಾಗಿಯೇ ಹೇಳಿದ್ದಳು.

ಅಪ್ಪ ಮನೆಗೆ ಬಂದರು. ಗಂಟಲು ಗೀರಿ ದನಿ ಗೊರಗೊರ ಎನ್ನುತ್ತಿತ್ತು. ಫೋನು ಕಬ್ಬಿಣದ ಬೀರುವಿನೊಳಗೆ ಹೋಯಿತು. ಪಾಠ, ಹಾಜರಿ, ಪರೀಕ್ಷೆಯ ಸುದ್ದಿ ಎಲ್ಲ ಅದರಲ್ಲೇ ಬರುತ್ತದೆ ಎಂದು ಮಗಳು ಅತ್ತು ಕರೆದ ಮೇಲೆ ವಾಪಸೂ ಬಂತು. ಹಲ್ಲಪ್ಪ ಬೆಳಿಗ್ಗೆ ಎದ್ದ ಕೂಡಲೇ ಅಪ್ಪನ ಕೋಣೆಗೆ ಹೋಗಿ ಪಕ್ಕದಲ್ಲಿ ಕೂತು ಕಾಫಿ ಕುಡಿಯತೊಡಗಿದ. ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. "ಗುಡ್ ಮಾರ್ನಿಂಗ್ ಅಪ್ಪಾ," ಎಂದು ಒಮ್ಮೆ ಹೇಳಿ ನೋಡಿದ. ಅಪ್ಪ ಅವನ ಹೆಗಲ ಮೇಲಿಂದ ಹಿಂದಕ್ಕೆ, ಇನ್ಯಾರಾದರೂ ಬರುತ್ತಾರೇನೋ ಎಂಬಂತೆ ನೋಡಿದರು.

ಆ ದಿನದ ವಿಡಿಯೋವನ್ನು ಯಾರು ಯಾರೋ ಎತ್ತಿಕೊಂಡು ಹಂಚಿದ್ದರು. ಮೇಣದ ಹೆಂಗಸು ಹೇಳಿದಳು, "ಅಣ್ಣಾ, ಎಲ್ಲಾರೂ ನಿಮ್ಮನ್ನೇ ಕೇಳ್ತಿದಾರೆ. ಪ್ಲಾಸ್ಟರ್ ಕೈ ಅಂಕಲ್ ಯಾರು ಅಂತ." ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾರನೆಯ ದಿನ ಅವಳು ಊಟಕ್ಕೆ ಹೋದಾಗ ಕೈ ತೊಳೆದು, ಒರೆಸಿ, ಫೋನ್ ತೆಗೆದ. ಅಪ್ಪನ ಮೇಲೆ ಕಣ್ಣಿಡಬೇಕಲ್ಲ ಎಂದುಕೊಂಡ. 'ಏನು ಎಂಟ್ರಿ ಗುರೂ!' 'ಆ ಬೆರಳು ನೋಡ್ರೋ, ದೇವರ ಬೆರಳು.' 'ಇಂಥ ಮಗನ್ನ ದಡ್ಡ ಅಂದ್ರಲ್ಲ ತಾತ!' 'ಅಂಕಲ್ ಹಲ್ಲು ಕಟ್ಟೋದನ್ನ ಒಂದ್ಸಲ ತೋರಿಸಿ.' ಓದಿ ಮುಗಿಸಿ ಕೆಳಗಿಟ್ಟ. ಪ್ಲಾಸ್ಟರ್ ಕಲಸಲು ನೀರು ಹಾಕಿದ. ನೀರು ಹಾಕಿ ಮತ್ತೆ ಒಮ್ಮೆ ಓದಿದ. ಪ್ಲಾಸ್ಟರ್ ಬಟ್ಟಲಿನಲ್ಲೇ ಗಟ್ಟಿಯಾಗಿ ಹೋಯಿತು, ಬಿಸಾಕಬೇಕಾಯಿತು.

ಕೆಲಸ ನಿಲ್ಲಿಸಿದ್ದ ಡಾಕ್ಟರುಗಳಲ್ಲಿ ಒಬ್ಬರು ಆ ವಾರ ಮತ್ತೆ ಅಚ್ಚು ಕಳಿಸಿದರು.

ಗಂಟಲು ವಾಸಿಯಾದ ಮೇಲೆ ಒಂದು ಬೆಳಿಗ್ಗೆ ತಿಂಡಿ ತಿನ್ನುವಾಗ ಅಪ್ಪ ಹೇಳಿದರು, "ಸೆಟ್ಟು ಸಡಿಲ ಆಗಿದೆ ಕಣೋ."

ಮೂವರೂ ಕೈ ನಿಲ್ಲಿಸಿ ಅವರನ್ನು ನೋಡಿದರು.

"ಈ ಸಲ ನಿಜ," ಎಂದರು ಅಪ್ಪ, ತಟ್ಟೆ ನೋಡುತ್ತಾ.

ಹಲ್ಲಪ್ಪ ಅವರ ಬಾಯಿ ತೆಗೆಸಿ ಬೆರಳಿಟ್ಟು ನೋಡಿದ. ನಿಜವೇ. ಮೇಲಿನ ಸೆಟ್ಟು ಅಂಗುಳಿಗೆ ಹಿಡಿಯದೆ ಕಟಕಟ ಅಲ್ಲಾಡುತ್ತಿತ್ತು. ಅಂಚು ಎಲ್ಲೆಲ್ಲಿ ತುಂಬಿಕೊಂಡಿರಬೇಕೋ ಅಲ್ಲಲ್ಲೇ ಸವೆದಿತ್ತು, ಅವನೇ ಸವೆಸಿದ್ದು. ಅಷ್ಟು ಒಳ್ಳೆಯ ಕೆಲಸವನ್ನು ತನ್ನ ಕೈಯಾರೆ ಕೊಂದಿದ್ದ.

"ಹೊಸದು ಮಾಡ್ಬೇಕು," ಎಂದ. "ಅಚ್ಚು ತೆಗೀಬೇಕು."

"ಮಾಡೋ," ಎಂದರು ಅಪ್ಪ. "ಈ ಸಲ ಹಾಕ್ಕೊಂಡೇ ಇರ್ತೀನಿ. ಸೇಬು ತಿನ್ನಬೇಕು ಅನ್ನಿಸ್ತಿದೆ."

ಅಚ್ಚು ತೆಗೆಯುವುದು ಡಾಕ್ಟರ ಕೆಲಸ. ಆದರೆ ಮೊದಲ ಸಲವೂ ಅಪ್ಪನ ಅಚ್ಚನ್ನು ಅವನೇ ತೆಗೆದಿದ್ದ. ರಜೆಯ ದಿನ ಮಧ್ಯಾಹ್ನ ವರ್ಕ್‌ಶಾಪಿನಿಂದ ಸಾಮಾನು ತಂದ. ಅಡಿಗೆಮನೆಯಲ್ಲಿ ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿ ಅಪ್ಪನನ್ನು ಕೂರಿಸಿದ. ಅಚ್ಚು ತೆಗೆಯುವ ಗುಲಾಬಿ ಬಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ, ಲೋಹದ ಅಚ್ಚುತಟ್ಟೆಗೆ ಬಳಿದು, ಬಾಯೊಳಗೆ ಒತ್ತಿ, ಎರಡು ಬೆರಳಿನಿಂದ ಅಂಗುಳಿಗೆ ಎತ್ತಿ ಹಿಡಿದ.

"ಮೂಗಲ್ಲಿ ಉಸಿರಾಡಿ. ಗಟ್ಟಿ ಆಗೋವರೆಗೆ ಅಲ್ಲಾಡಬೇಡಿ. ನಾನು ಬೆರಳು ತೆಗೆಯೋ ಹಾಗಿಲ್ಲ, ತೆಗೆದ್ರೆ ಎಲ್ಲಾ ಕೆಟ್ಟೋಗುತ್ತೆ."

ಅಪ್ಪ ಕಣ್ಣಿನಲ್ಲೇ ಹೂಂ ಎಂದರು. ತುಟಿಯ ಸಂದಿಯಿಂದ ಗುಲಾಬಿ ಲೋಳೆ ಉಕ್ಕಿ, ಗಲ್ಲಕ್ಕೆ ಇಳಿದು, ಎಳೆಎಳೆಯಾಗಿ ಎದೆಯ ಮೇಲೆ ಬೀಳತೊಡಗಿತು. ಹಲ್ಲಪ್ಪನಿಗೆ ಅವತ್ತು ಅಸಹ್ಯವಾಗಲಿಲ್ಲ. ಅಪ್ಪನ ಮುಖವನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಯಿತು ಎಂದುಕೊಂಡ. ಹುಬ್ಬಿನ ಪಕ್ಕದಲ್ಲಿ ಒಂದು ಹಳೆಯ ಗಾಯದ ಕಲೆ ಇತ್ತು. ಅದು ಹೇಗಾಯಿತು ಎಂದು ಆಮೇಲೆ ಕೇಳಬೇಕು.

ಅಪ್ಪ ಕಣ್ಣು ಹೊರಳಿಸಿದರು. ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಮಡಿಲಿನಿಂದ ಕೈಯೆತ್ತಿ, ಗಾಳಿಯಲ್ಲಿ ಫೋನಿನಷ್ಟು ಉದ್ದದ ಒಂದು ಚೌಕ ಬರೆದರು. ಆಮೇಲೆ ಬಾಯಿ ತುಂಬಾ ಮಗನ ಬೆರಳಿಟ್ಟುಕೊಂಡೇ ಕಣ್ಣು ಹೊಡೆದರು.

"ಬೇಡ," ಎಂದ ಹಲ್ಲಪ್ಪ. "ಬೇಡ ಅಂದ್ರೆ ಬೇಡ."

ಮಗಳು ಅಮ್ಮನ ಮುಖ ನೋಡಿದಳು. ಒಲೆಗೆ ಹಾಕುತ್ತೇನೆ ಎಂದಿದ್ದ ಹೆಂಡತಿ ಎದ್ದು ಬಂದು, ಅಪ್ಪನ ಹಿಂದೆ ಕಟ್ಟೆಯ ಮೇಲಿದ್ದ ಎಂಜಲು ತಟ್ಟೆಗಳನ್ನು ಎತ್ತಿ, ಕಾಣದ ಕಡೆ ಇಟ್ಟಳು. ಹೊಸ ಮಿಕ್ಸಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿದಳು. ಆಮೇಲೆ ಗಂಡನ ಕಡೆ ನೋಡದೆ ಪಕ್ಕಕ್ಕೆ ನಿಂತಳು.

"ಥೂ, ನಿಮ್ಮ ಜನ್ಮಕ್ಕಿಷ್ಟು!" ಎಂದ ಅವನು. ಬೆರಳು ಮಾತ್ರ ಅಲ್ಲೇ ಇತ್ತು. ಅಚ್ಚು ಇನ್ನೂ ಮೆತ್ತಗಿತ್ತು.

ಮಗಳು ಫೋನ್ ಎತ್ತಿದಳು. "ಫ್ರೆಂಡ್ಸ್, ನೀವು ಕೇಳ್ತಿದ್ರಲ್ಲ..." ಎಂದು ಪಿಸುಗುಟ್ಟಿದಳು. ಅಪ್ಪನ ಕಣ್ಣುಗಳು ಹೊಳೆದವು. ಮೊದಲ ಹೃದಯ ಮೇಲೇರಿತು, ಅದರ ಹಿಂದೆ ಇನ್ನೊಂದು, ಆಮೇಲೆ ಲೆಕ್ಕವಿಲ್ಲ.

ಆಗ ಹಲ್ಲಪ್ಪನಿಗೆ ಏನೋ ಅರಿವಾಯಿತು. ಅವನ ಬಲಗೈ ಅಪ್ಪನ ಬಾಯಲ್ಲಿತ್ತು. ಎಡಗೈ ಮಾತ್ರ ಯಾವಾಗಲೋ, ಅವನನ್ನು ಕೇಳದೆಯೇ ಮೇಲೆದ್ದು, ತನ್ನ ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ನೀಟಾಗಿ ಹಿಂದಕ್ಕೆ ಬಾಚುತ್ತಿತ್ತು.